ತೊಗಟೆಯಡಿಯ ಜೀವಕ್ಕೆ ನಾಮಕರಣ

ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ, ಕೀಟಶಾಸ್ತ್ರ ಓದುತ್ತಿರುವ ನಮ್ಮ ಭಕ್ತರ ಮನೆತನದ ಹುಡುಗನೊಬ್ಬ ಒಂದು ಸಂಗತಿ ತೆಗೆದ. ದೂರದ ನ್ಯೂಗಿನಿ ದ್ವೀಪದ ಕಾಡಿನಲ್ಲಿ ಕೊಳೆತ ಮರದ ತೊಗಟೆಯಡಿ ತಿಗಣೆಯಂಥ ಚಪ್ಪಟೆ ಕೀಟಗಳಿರುತ್ತವೆ. ಅವುಗಳಲ್ಲಿ ಯಾರೂ ಹಿಂದೆ ಗುರುತಿಸದ ಜಾತಿಯೊಂದು ಸಿಕ್ಕರೆ ವಿದ್ವಾಂಸರು ಅದರ ವರ್ಣನೆ ಬರೆದು ಹೆಸರಿಡುತ್ತಾರೆ, ಎಂದ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು:

"ಹೆಸರ ಇಡಾಕ ಅದನ್ನ ಕೊಲ್ಲತಾರೇನಪಾ?"

"ಹೌದ್ರೀ ಅಜ್ಜಾರ."

"ಹಂಗಾದ್ರ ಅದು ತೊಟ್ಟಲ ಕಾರ್ಯ ಅಲ್ಲ ಬಿಡು, ಮಣ್ಣಿನ ಕಾರ್ಯ."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ಮನೆಯವರೆಗೂ ನಮ್ಮ ಬೆನ್ನು ಬಿಡಲಿಲ್ಲ. ಒಂದು ಜೀವವನ್ನು ಅರಿಯಲು ಅದನ್ನೇ ಕೊಲ್ಲುವುದು ಸರಿಯೇ? ದಯೆಯನ್ನು ಎಲ್ಲಕ್ಕೂ ಮುಂದಿಟ್ಟ ಶರಣರ ದಾರಿಯವರು ನಾವು. ಅಜ್ಜನವರ ಮಾತನ್ನು ನಗೆಯಲ್ಲೇ ತೇಲಿಸಿ ಬಿಡಲಾಗದು.

ಮೊದಲು ಆ ಕೀಟದ ಸ್ವಭಾವ ತಿಳಿಯೋಣ. ವಿದ್ವಾಂಸರು ಈ ಕುಲವನ್ನು ಅರಾಡಿಡೇ ಎನ್ನುತ್ತಾರೆ. ಲೋಕದಲ್ಲಿ ಇದರ ಸುಮಾರು ಎರಡು ಸಾವಿರ ಜಾತಿಗಳಿಗೆ ಈವರೆಗೆ ಹೆಸರಾಗಿದೆ. ನಮ್ಮ ಹತ್ತಿಗೆ ಬೀಳುವ ಜಿಗಿಹುಳು, ಹೇನುಗಳಿಗೆ ಇದು ದೂರದ ದಾಯಾದಿ. ಆದರೆ ಇದಕ್ಕೆ ಬೆಳೆ ಬೇಡ, ರಕ್ತವೂ ಬೇಡ. ಕೊಳೆಯುವ ಮರದೊಳಗೆ ಹಬ್ಬಿದ ಬೂಷ್ಟಿನ ಎಳೆಗಳ ರಸವೇ ಇದರಲ್ಲಿ ಹೆಚ್ಚಿನವಕ್ಕೆ ಆಹಾರ. ಇದರ ಬಾಯಿಯ ರಚನೆ ಕೇಳಿ ನಾವು ಬೆರಗಾದೆವು. ರಸ ಹೀರುವ ಸೂಜಿ ಕೂದಲಿಗಿಂತ ನವಿರು, ಮೈಯುದ್ದಕ್ಕಿಂತಲೂ ಉದ್ದ. ಬೇಡವಾದಾಗ ಅದು ಗಡಿಯಾರದ ಸ್ಪ್ರಿಂಗಿನಂತೆ ತಲೆಯೊಳಗೇ ಸುತ್ತಿಕೊಂಡು ಕೂತಿರುತ್ತದೆ. ಮಳೆಕಾಡಿನ ಎಷ್ಟೋ ಜಾತಿಗಳಿಗೆ ರೆಕ್ಕೆಯೇ ಇಲ್ಲ. ಮೈಮೇಲೆ ಮಣ್ಣು ಕಸ ಮೆತ್ತಿಕೊಂಡು, ತೊಗಟೆ ಎತ್ತಿದಾಗಲೂ ಕದಲದೆ ಬಿದ್ದಿರುತ್ತವೆ. ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಇಂಥದಕ್ಕೆ ಹೆಸರಿಡುವ ಕೆಲಸ ನಾವೆಣಿಸಿದಷ್ಟು ಸುಲಭವಲ್ಲ. ಮೈಯ ಕೊಳೆಯನ್ನು ಮೆಲ್ಲಗೆ ಬಿಡಿಸಿ, ತಲೆ ಎಷ್ಟುದ್ದ, ಮೀಸೆಯ ನಾಲ್ಕು ಗಣ್ಣುಗಳಲ್ಲಿ ಯಾವುದು ಎಷ್ಟು, ಹೊಟ್ಟೆಯ ಉಸಿರುರಂಧ್ರಗಳು ಅಂಚಿನಲ್ಲಿವೆಯೋ ಅಡಿಯಲ್ಲಿವೆಯೋ, ಗಂಡಿನ ಅಂಗದ ಆಕಾರ ಹೇಗಿದೆ ಎಂದು ಸೂಕ್ಷ್ಮದರ್ಶಕದಡಿ ಅಳೆಯಬೇಕು. ಬಳಿಕ ಹಿಂದೆ ಹೆಸರಾದ ಹತ್ತಿರದ ಜಾತಿಗಳನ್ನು, ಅವು ಯಾವ ದೇಶದ ಮ್ಯೂಸಿಯಂನಲ್ಲೇ ಇರಲಿ, ಹೋಲಿಸಿ ನೋಡಬೇಕು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಕಟಿಸಿದ ಗ್ರಂಥದಿಂದ ಪ್ರಾಣಿಗಳ ಹೆಸರಿನ ಲೆಕ್ಕ ಶುರು. ಅಲ್ಲಿಂದೀಚೆಗೆ ಯಾರಾದರೂ ಈ ಜಾತಿಗೆ ಹೆಸರಿಟ್ಟಿದ್ದರೆ ಆ ಹಳೆಯದೇ ನಿಲ್ಲುತ್ತದೆ. ಹೊಸದೆಂದು ಖಚಿತವಾದರೆ ಒಂದು ಕೀಟವನ್ನು ಮೂಲ ಮಾದರಿ ಎಂದು ಸಾರಿ, ಅದು ಎಲ್ಲಿದೆ ಎಂಬುದನ್ನೂ ಬರೆದು ಜೋಪಾನ ಮಾಡುತ್ತಾರೆ. ವ್ಯಾಪಾರಸ್ಥ ಬಂಧುಗಳಿಗೆ ಇದು ಬೇಗ ತಿಳಿದೀತು. ತೂಕದ ಬಗ್ಗೆ ತಕರಾರು ಬಂದರೆ ಸರಕಾರಿ ಮುದ್ರೆಯ ಬಟ್ಟಿನ ಮುಂದೆ ನಮ್ಮ ಬಟ್ಟು ಇಟ್ಟು ನೋಡುವುದಿಲ್ಲವೇ, ಹಾಗೆ. ನೂರು ವರ್ಷದ ಮೇಲೂ ಸಂಶಯ ಬಂದವನು ಆ ಒಂದು ಕೀಟದ ಮುಂದೆ ಬಂದು ನಿಲ್ಲಬೇಕು.

ಛಾಯಾಚಿತ್ರ ತೆಗೆದುಕೊಂಡು ಬಿಟ್ಟುಬಿಡಬಾರದೇ ಎಂದು ನಾವು ಹುಡುಗನನ್ನು ಕೇಳಿದೆವು. 2015ರಲ್ಲಿ ದಕ್ಷಿಣ ಆಫ್ರಿಕದ ನೊಣವೊಂದಕ್ಕೆ ಬರೀ ಛಾಯಾಚಿತ್ರಗಳ ಮೇಲೆಯೇ ಹೆಸರಿಟ್ಟಿದ್ದರಂತೆ. ವಿದ್ವಾಂಸರಲ್ಲಿ ದೊಡ್ಡ ವಾದವೇ ಎದ್ದಿತಂತೆ. ಮೈತುಂಬ ಮಣ್ಣು ಮೆತ್ತಿಕೊಂಡ ಈ ಚಪ್ಪಟೆ ಕೀಟಕ್ಕೆ ಚಿತ್ರ ಸಾಲದು. ಒಂದೇ ಕೀಟವೂ ಸಾಲದು. ಗಂಡು ಬೇರೆ, ಹೆಣ್ಣು ಬೇರೆ ಇದ್ದಾವು, ಒಂದು ಸಣ್ಣದು ಇನ್ನೊಂದು ದೊಡ್ಡದು ಇದ್ದೀತು. ಒಂದನ್ನೇ ನೋಡಿ ಬರೆದವನು ತಪ್ಪಬಹುದು. ಹಾಗಾದರೆ ಎಷ್ಟು ಸಾಕು?

ಈ 'ಎಷ್ಟು' ಎಂಬಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟಕ್ಕಿಂತ ಮೀರಿದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳಲ್ಲ. ಸತ್ತ ಕೀಟವನ್ನು ಹಾಗೆ ಹಿಂದಕ್ಕೆ ಸುರಿಯಲು ಬರುವುದಿಲ್ಲ. ಆದ್ದರಿಂದ ಲೆಕ್ಕವನ್ನು ಕಾಡಿಗೆ ಹೋಗುವ ಮೊದಲೇ ಹಾಕಬೇಕು.

ಆದರೂ ಅಷ್ಟಕ್ಕೇ ತೀರ್ಪು ಕೊಡಲು ನಮಗೆ ಧೈರ್ಯ ಸಾಲಲಿಲ್ಲ. ಆಂಗ್ಲ ನಿಸರ್ಗಶಾಸ್ತ್ರಜ್ಞ ಆಲ್‌ಫ್ರೆಡ್ ವಾಲೇಸ್ 1854ರಿಂದ 1862ರವರೆಗೆ ಮಲಯ ದ್ವೀಪಗಳಲ್ಲಿ ಅಲೆದು, ನ್ಯೂಗಿನಿಯಲ್ಲೂ ತಂಗಿ, 1,25,660 ಪ್ರಾಣಿಗಳನ್ನು ಕೂಡಿಸಿದ. ಹೆಚ್ಚಿನವನ್ನು ಮಾರಿ ಹೊಟ್ಟೆ ಹೊರೆದ. ಲಕ್ಕಮ್ಮ ಅವನ ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತೋ! ಆದರೆ ಒಂದೇ ಜಾತಿಯ ನೂರಾರು ಪ್ರಾಣಿಗಳನ್ನು ಒತ್ತಟ್ಟಿಗಿಟ್ಟು ನೋಡಿದ್ದರಿಂದಲೇ ಒಂದರಂತೆ ಇನ್ನೊಂದಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು. ಜೀವಜಾತಿಗಳು ಹೇಗೆ ಬದಲಾಗುತ್ತವೆ ಎಂಬ ವಿಚಾರಕ್ಕೆ ಅದು ಆಧಾರವಾಯಿತು. ಅರು ದ್ವೀಪದಲ್ಲಿ ಸ್ವರ್ಗಪಕ್ಷಿಯೊಂದನ್ನು ಕೈಯಲ್ಲಿ ಹಿಡಿದಾಗ, ಇವು ತಲೆತಲಾಂತರ ಯಾರ ಕಣ್ಣಿಗೂ ಬೀಳದೆ ಈ ಕಾಡಿನಲ್ಲಿ ಬಾಳಿ ಅಳಿದಿವೆ, ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದವಲ್ಲ ಎಂಬ ಭಾವವನ್ನು ಅವನು 1869ರ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಕೊಂದವನೇ ಈ ಮಾತನ್ನೂ ಆಡಿದ. ಅವನಿಗೊಬ್ಬ ಸರವಾಕಿನ ಸಹಾಯಕನಿದ್ದ, ಹೆಸರು ಅಲಿ. 1858ರಲ್ಲಿ ಬಾಚನ್ ದ್ವೀಪದಲ್ಲಿ ಹೊಸ ಸ್ವರ್ಗಪಕ್ಷಿಯನ್ನು ಹೊಡೆದು ತಂದವನು ಅಲಿ. ಮರುವರ್ಷ ಲಂಡನ್ನಿನಲ್ಲಿ ಅದಕ್ಕೆ ಇಟ್ಟದ್ದು ವಾಲೇಸನ ಹೆಸರು. ಕಾಯಕ ಒಬ್ಬನದು, ಹೆಸರು ಇನ್ನೊಬ್ಬನದು. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕವನ್ನೇ ಹೆಸರಿಗೆ ಕಟ್ಟಿಕೊಂಡವರ ಪರಂಪರೆಗೆ ಇದು ಸಲೀಸಾಗಿ ಗಂಟಲಿಗಿಳಿಯುವ ಮಾತಲ್ಲ.

ಕೊಂದ ಮೇಲೂ ಕೆಲಸವನ್ನು ಉಡಾಫೆಯಿಂದ ಮಾಡಿದರೆ ಪಾಪ ಎರಡು ಪಟ್ಟು ಎಂದು ನಮಗನ್ನಿಸುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗಾಗಿ ಕೀಟಗಳ ಪಟ್ಟಿ ಮಾಡಿದ ಫ್ರಾನ್ಸಿಸ್ ವಾಕರ್ ಸಾವಿರಾರು ಜಾತಿಗಳಿಗೆ ಅವಸರದಲ್ಲಿ ಹೆಸರಿಟ್ಟ. ಎಷ್ಟೋ ಜಾತಿಗಳಿಗೆ ಮೊದಲೇ ಹೆಸರಿದ್ದವು. ಅಡತಿ ಅಂಗಡಿಯ ಖಾತೆಯಲ್ಲಿ ಒಬ್ಬನೇ ರೈತನನ್ನು ಮೂರು ಹೆಸರಿನಲ್ಲಿ ಬರೆದಂತಾಯಿತು. ಮುಂದಿನವರು ಅದನ್ನು ತಿದ್ದುತ್ತಲೇ ಇದ್ದಾರೆ. 1874ರಲ್ಲಿ ಅವನು ತೀರಿಕೊಂಡಾಗ ಒಂದು ಕೀಟಶಾಸ್ತ್ರ ಪತ್ರಿಕೆ ಶ್ರದ್ಧಾಂಜಲಿಯಲ್ಲಿಯೇ ಅವನನ್ನು ಬೈದಿತು. ಹಾಗೆಯೇ ಲಿನೇಯಸ್ ಒಂದು ಸ್ವರ್ಗಪಕ್ಷಿಗೆ 'ಕಾಲಿಲ್ಲದ್ದು' ಎಂಬ ಅರ್ಥದ ಹೆಸರಿಟ್ಟ. ವ್ಯಾಪಾರಕ್ಕೆ ಬರುತ್ತಿದ್ದ ಚರ್ಮಗಳಲ್ಲಿ ಕಾಲು ಕತ್ತರಿಸಿರುತ್ತಿದ್ದರು. ಕಾಲುಳ್ಳ ಆ ಹಕ್ಕಿಗೆ ಇಂದಿಗೂ ಅದೇ ಹೆಸರು. ನಿಯಮದ ಪ್ರಕಾರ ಬದಲಿಸುವಂತಿಲ್ಲ.

ಅಜ್ಜನವರ ಆಕ್ಷೇಪಕ್ಕೆ ಹುಡುಗ ಕೊಟ್ಟ ಉತ್ತರವನ್ನೂ ಬರೆಯಬೇಕು. ಕಾಡಿನ ಒಂದು ಇಳಿಜಾರು ಕಡಿದರೆ ಹೆಸರಿಲ್ಲದ ಇಂಥ ಜೀವಗಳು ಲೆಕ್ಕವಿಲ್ಲದಷ್ಟು ಹೋಗುತ್ತವೆ, ಹೋದದ್ದೇನು ಎಂದು ಹೇಳಲು ಯಾರ ಬಳಿಯೂ ಹೆಸರಿರುವುದಿಲ್ಲ ಎಂದ. ಅದು ನಿಜ. ಹತ್ತಿ ಹೊಲಕ್ಕೆ ಒಂದೇ ಸಲ ಎಣ್ಣೆ ಹೊಡೆದರೆ ಎಷ್ಟು ಜೀವ ಹೋಗುತ್ತವೆ ಎಂದು ನಾವ್ಯಾರೂ ಎಣಿಸಿದವರಲ್ಲ. ಅಜ್ಜನವರ ಮಕ್ಕಳೂ ಎಣ್ಣೆ ಹೊಡೆಯುತ್ತಾರೆ, ನಾವೂ ಹೊಡೆದಿದ್ದೇವೆ. ಆದರೆ ದೊಡ್ಡ ಕೊಲೆಯನ್ನು ತೋರಿಸಿ ಸಣ್ಣ ಕೊಲೆಗೆ ಕ್ಷಮೆ ಕೇಳುವುದು ಸರಿ ಕಾಣದೆಂದು ಹುಡುಗನಿಗೆ ಹೇಳಿದೆವು. ಅವನು ಒಪ್ಪಿದ.

ಪ್ರಸಾದ ಮುಗಿಸಿ ಕೈ ತೊಳೆಯುವಾಗ ಅಜ್ಜನವರು ಅವನನ್ನು ಮತ್ತೆ ಕರೆದರು.

"ತಮ್ಮಾ, ಆ ತೊಗಟಿ ಎತ್ತಿ ನೋಡತಾರಲ್ಲ, ನೋಡಿದ ಮ್ಯಾಲ ಹೊಳ್ಳಿ ಮುಚ್ಚತಾರೇನು?"

"ಮುಚ್ಚಬೇಕು ಅಂತ ಕಲಿಸ್ಯಾರ್ರೀ," ಎಂದ ಹುಡುಗ. "ಎಲ್ಲಾರೂ ಮುಚ್ಚೂದಿಲ್ಲ."