ಹೊಸಬರಿಗೆ ಹೇಳುವ ಐದನೆಯ ಮಾತು

ಅಡ್ಮಿಷನ್ ಶುರುವಾದ ಕೂಡಲೇ ನಮ್ಮ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: 'ಅಕ್ಕ, ಹೊಸಬರಿಗೆ ನಿಮ್ಮ ಆ ಲಿಸ್ಟ್ ಹಾಕಿ.' ಲಿಸ್ಟು ನನ್ನ ಫೋನಿನಲ್ಲೇ ಇದೆ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ ವರ್ಷ ಬರೆದಿಟ್ಟದ್ದು. ಆಮೇಲೆ ಒಂದೊಂದು ಸಾಲು ಸೇರುತ್ತಾ ಬಂದಿದೆ. ಈ ಸಲ ಕಳಿಸುವ ಮುಂಚೆ ಸುಮ್ಮನೆ ಒಮ್ಮೆ ಓದಿದೆ. ಐದನೆಯ ಮಾತಿನ ಹತ್ತಿರ ಬೆರಳು ನಿಂತುಬಿಟ್ಟಿತು. ಅಲ್ಲಿ ಹೀಗಿತ್ತು: 'ಮೊದಲ ವರ್ಷ ಯಾರನ್ನೂ ಎದುರು ಹಾಕಿಕೊಳ್ಳಬೇಡಿ.'

ಬರೆದವಳು ನಾನೇ. ಅದು ತಪ್ಪು ಮಾತು ಎಂದು ಒಂದೇ ಏಟಿಗೆ ಹೇಳಿಬಿಡಲು ನನಗೆ ಈಗಲೂ ಆಗುವುದಿಲ್ಲ. ಆದರೆ ಅದನ್ನು ಆ ಲಿಸ್ಟಿನಲ್ಲಿ ಹಾಗೇ ಬಿಡಲೂ ಆಗಲಿಲ್ಲ.

ಇಂಥದ್ದೊಂದು ಲಿಸ್ಟ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನಾನು ಎಂ.ಎ.ಗೆ ಸೇರಲು ಬಂದಾಗ ಅಪ್ಪ ಜೊತೆಗೆ ಬಂದಿದ್ದರು. ರಾತ್ರಿ ಬಸ್ಸು ಹಿಡಿದು, ಬೆಳಿಗ್ಗೆ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಕಚೇರಿ ತೆಗೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆವು. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಟೆಂಡರಿಗೆ ಅಪ್ಪ ಎರಡೂ ಕೈ ಜೋಡಿಸಿ 'ಸಾರ್' ಅಂದರು. ಆತ ಅಪ್ಪನಿಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವನು. ಒಳಗೆ ಕೌಂಟರಿನಲ್ಲಿ 'ಮೈಗ್ರೇಷನ್ ಎಲ್ಲಮ್ಮ?' ಎಂದು ಕೇಳಿದರು. ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದವರು ಅಲ್ಲಿಂದ ವಲಸೆ ಪ್ರಮಾಣಪತ್ರ ತರಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಆ ಪದವನ್ನೇ ಕೇಳಿರಲಿಲ್ಲ. ನಮ್ಮ ಹಿಂದೆ ಒಬ್ಬ ಹುಡುಗ ನಿಂತಿದ್ದ. ಅವನ ಮಾವ ಎಲ್ಲೋ ಕಾಲೇಜಿನಲ್ಲಿ ಮೇಷ್ಟ್ರು. ಟಿ.ಸಿ., ಮೈಗ್ರೇಷನ್, ಮೂರು ಸೆಟ್ ಜೆರಾಕ್ಸ್, ಹಿಂದುಗಡೆ ಹೆಸರು ಬರೆದ ಫೋಟೋಗಳು, ಎಲ್ಲ ಒಂದು ಫೈಲಿನಲ್ಲಿ. ಹತ್ತು ನಿಮಿಷದಲ್ಲಿ ಮುಗಿಸಿ ಹೋದ. ನಮಗೆ ಐದು ದಿನ ಹಿಡಿಯಿತು, ಜೊತೆಗೆ ಎರಡು ಸಲ ಊರಿಗೆ ಹೋಗಿಬಂದ ಬಸ್ ಚಾರ್ಜು. ಮುಂದೆ ಆ ಹುಡುಗ ನನ್ನ ಒಳ್ಳೆಯ ಗೆಳೆಯನಾದ. ಓದಿನಲ್ಲಿ ನನಗಿಂತ ಒಂದು ಕೈ ಕಮ್ಮಿಯೇ ಇದ್ದ, ಅದನ್ನು ಅವನೂ ಒಪ್ಪುತ್ತಾನೆ.

ಪಿಯೆರ್ ಬೋರ್ಡಿಯು ಮತ್ತು ಪಾಸರಾನ್ 1964ರಲ್ಲಿ ಫ್ರೆಂಚ್ ವಿದ್ಯಾರ್ಥಿಗಳ ಬಗ್ಗೆ ಬರೆದ ಪುಸ್ತಕದ ಹೆಸರೇ 'ವಾರಸುದಾರರು' ಎಂಬ ಅರ್ಥದ್ದು. ವಿಶ್ವವಿದ್ಯಾಲಯ ಪ್ರತಿಭೆ ಎಂದು ಗುರುತಿಸುವುದರಲ್ಲಿ ಬಹುಪಾಲು ಮನೆಯಿಂದ ಬಂದ ಆಸ್ತಿ ಎಂಬುದು ಅವರ ವಾದ. ನಾನು ಅದನ್ನು ಓದಿದ್ದು ಎರಡನೆಯ ಸೆಮಿಸ್ಟರಿನಲ್ಲಿ. ಓದುವಾಗ ಕಣ್ಣ ಮುಂದೆ ಬಂದದ್ದು ಪ್ಯಾರಿಸ್ ಅಲ್ಲ, ಆ ಹುಡುಗನ ಫೈಲು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ, ಬೆಂಗಳೂರು 1964ರಲ್ಲಿ, ಗುಲ್ಬರ್ಗ ಮತ್ತು ಮಂಗಳೂರು 1980ರಲ್ಲಿ. ಹೀಗೆ ವಿಶ್ವವಿದ್ಯಾಲಯಗಳು ಒಂದೊಂದಾಗಿ ನಮ್ಮ ಊರುಗಳ ಹತ್ತಿರಕ್ಕೆ ಬಂದವು. ಒಳಗೆ ನಡೆದುಕೊಳ್ಳುವ ಬಗೆ ಮಾತ್ರ ಇನ್ನೂ ಮಾವಂದಿರ ಹತ್ತಿರವೇ ಇದೆ. ಮಾವ ಇಲ್ಲದವರಿಗೆ ಸೀನಿಯರ್‌ಗಳೇ ಗತಿ.

ಹಾಗಾಗಿ ಗೊತ್ತಿದ್ದವರು ಹೇಳಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಲಿಸ್ಟಿನ ಮೊದಲ ನಾಲ್ಕು ಮಾತು ಇಂಥವೇ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ಇನಿಷಿಯಲ್ ಆಚೀಚೆ ಆದರೂ ಸ್ಕಾಲರ್‌ಶಿಪ್ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕಾಲರ್‌ಶಿಪ್ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಒಬ್ಬಳ ಹಣ ಅವಳೇ ಮರೆತಿದ್ದ ಯಾವುದೋ ಹಳೆಯ ಖಾತೆಗೆ ಹೋಗಿ ಒಂದೂವರೆ ವರ್ಷ ಅಲ್ಲೇ ಮಲಗಿತ್ತು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಂಕಪಟ್ಟಿ, ಪದವಿ ಪ್ರಮಾಣಪತ್ರದಂಥ ಮೂಲ ದಾಖಲೆಯನ್ನು ತೋರಿಸಿ ವಾಪಸ್ ತೆಗೆದುಕೊಳ್ಳಿ. ಅವನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಮನೆಗೆ ಒಯ್ಯಿರಿ. ದೊಡ್ಡ ಸಂಸ್ಥೆಯಲ್ಲಿ ಮನುಷ್ಯರಿಗಿಂತ ಆ ಸೀಲಿಗೆ ನೆನಪಿನ ಶಕ್ತಿ ಜಾಸ್ತಿ.

ಈಗ ಐದನೆಯ ಮಾತು.

ನಾನು ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ರಾಯಚೂರು ಕಡೆಯ ಒಬ್ಬಳು ಎಂ.ಎ. ಓದುತ್ತಿದ್ದಳು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮು. ಒಂದು ಸಂಜೆ ಆಂತರಿಕ ಅಂಕಗಳ ಪಟ್ಟಿಯ ಫೋಟೋ ಹಿಡಿದು ಬಂದಳು. ಒಂದು ಪತ್ರಿಕೆಯಲ್ಲಿ 20ಕ್ಕೆ 5 ಬಂದಿತ್ತು. 'ಅಕ್ಕಾ, ನಾ ಅಸೈನ್‌ಮೆಂಟ್ ಕೊಟ್ಟೀನ್ರಿ. ಖರೇನ ಕೊಟ್ಟೀನಿ' ಅಂದಳು. ಕೊಟ್ಟದ್ದು ನನಗೂ ಗೊತ್ತಿತ್ತು, ನನ್ನ ಮೇಜಿನ ಮೇಲೆ ಕೂತೇ ಬರೆದಿದ್ದಳು. ಮೇಷ್ಟ್ರು ಎಲ್ಲೋ ಕಳೆದಿರಬೇಕು. 'ಹೋಗಿ ಕೇಳ್ಲೇನ್ರಿ?' ಎಂದಳು.

ನಾನು ಹೇಳಿದೆ: 'ಬಿಡು ಕಣೇ, ಒಂದು ಪೇಪರ್ ತಾನೇ. ಮುಂದೆ ಡೆಸರ್ಟೇಷನ್ ಇದೆ, ವೈವಾ ಇದೆ, ಅಲ್ಲೆಲ್ಲ ಅವರೇ ಕೂತಿರ್ತಾರೆ. ಈಗ್ಲೇ ಯಾಕೆ ಎದುರು ಹಾಕ್ಕೋತೀಯ?' ಅವಳು ಸ್ವಲ್ಪ ಹೊತ್ತು ನಿಂತು, 'ಹೌದಲ್ರಿ' ಎಂದು ಹೋದಳು.

ಎಂ.ಎ. ಮುಗಿದಾಗ ಅವಳಿಗೆ ಶೇ. 54.6 ಬಂತು. ನೆಟ್ ಬರೆಯಲು ಅವಳ ವರ್ಗಕ್ಕೆ 55 ಬೇಕು. ಆ ಪತ್ರಿಕೆಯಲ್ಲಿ ಹತ್ತು ಅಂಕ ಸಿಕ್ಕಿದ್ದರೆ ದಾಟುತ್ತಿತ್ತು. ಲೆಕ್ಕ ಹಾಕಿದ್ದು ನಾನೇ, ಅವಳು ಹಾಕಿರಲಿಲ್ಲ, ಅಥವಾ ಹಾಕಿದ್ದರೂ ಹೇಳಲಿಲ್ಲ. ಊರಿಗೆ ಹೋಗಿ ಬಿ.ಎಡ್. ಮಾಡಿ ಈಗ ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಅದು ಕೆಟ್ಟ ಬದುಕು ಎಂದು ಯಾರೂ ತಿಳಿಯಬಾರದು. ಅವಳು ಬಂದದ್ದು ಮಾತ್ರ ಅದಕ್ಕಲ್ಲ. ಮರು ವರ್ಷ ಅದೇ ಪತ್ರಿಕೆಯಲ್ಲಿ ಒಬ್ಬ ಹುಡುಗನಿಗೆ ಇಂಥದ್ದೇ ಆಯಿತು. ಅವನು ನನ್ನನ್ನು ಕೇಳಲಿಲ್ಲ, ನೇರ ಹೋಗಿ ಅರ್ಜಿ ಕೊಟ್ಟ. ಮೇಷ್ಟ್ರು ಗೊಣಗಿದರು, ಇನ್ನೊಂದು ಪ್ರತಿ ತರಿಸಿಕೊಂಡು ಅಂಕ ತಿದ್ದಿದರು. ವೈವಾದಲ್ಲಿ ಅವನಿಗೇನೂ ಆಗಲಿಲ್ಲ.

ಇದರಿಂದ ನನ್ನ ಸಲಹೆ ತಪ್ಪೆಂದು ಸಾಬೀತಾಗುವುದಿಲ್ಲ. ಅವನು ಹುಡುಗ, ಅದೇ ಊರಿನವನು, ಮಾತು ಬಲ್ಲವನು. ಅವಳಿಗೂ ಹಾಗೇ ಆಗುತ್ತಿತ್ತು ಎಂದು ಹೇಗೆ ಹೇಳುವುದು? ನನ್ನನ್ನು ಕಾಡಿದ್ದು ಬೇರೆ. ಆ ಸಂಜೆ ಅವಳು ಕೇಳಿದಾಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಅವಳ ವೈವಾ ಅಲ್ಲ. 'ನಿನಗೆ ಯಾರು ಹೇಳಿಕೊಟ್ಟದ್ದು?' ಎಂದು ಅವರು ಕೇಳಿದರೆ ಇವಳು ನನ್ನ ಹೆಸರು ಹೇಳುತ್ತಾಳಲ್ಲ ಎಂಬುದು. ನನ್ನ ಪ್ರಗತಿ ವರದಿಗೆ ಅದೇ ವಿಭಾಗದಲ್ಲಿ ಸಹಿ ಬೀಳಬೇಕಿತ್ತು.

ನನ್ನ ರೂಮ್‌ಮೇಟ್ ತತ್ವಶಾಸ್ತ್ರದವಳು. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಮೂರು ಬಗೆಯ 'ಮಾಡಬೇಕು'ಗಳನ್ನು ಬೇರೆ ಮಾಡುತ್ತಾನೆ ಎಂದು ಅವಳೇ ಹೇಳಿದ್ದು: ಕೆಲಸದ ಕೌಶಲದ ನಿಯಮ, ಜಾಣತನದ ಸಲಹೆ, ನೀತಿಯ ಆಜ್ಞೆ. ಜಾಣತನದ ಮಾತು ಬರೀ ಸಲಹೆ, ಏಕೆಂದರೆ ಅದು ಒಬ್ಬೊಬ್ಬರ ಹಿತಕ್ಕೆ ಸಂಬಂಧಿಸಿದ್ದು, ಎಲ್ಲರಿಗೂ ಒಂದೇ ಥರ ಅನ್ವಯಿಸುವುದಿಲ್ಲ. ನನ್ನ ತಪ್ಪು ನನಗೆ ತಿಳಿದದ್ದು ಅಲ್ಲಿ. ಟಪಾಲು ಸೀಲಿನ ಮಾತು ಕೌಶಲದ್ದು. ಯಾರು ಯಾವಾಗ ಮಾಡಿದರೂ ಕೆಲಸ ಮಾಡುತ್ತದೆ. ಐದನೆಯದು ಜಾಣತನದ್ದು. ಅದನ್ನು ನಾನು ಸೀಲಿನ ಮಾತಿನ ಕೆಳಗೆ, ಅದೇ ದನಿಯಲ್ಲಿ, ಅದೂ ಒಂದು ನಿಯಮ ಎಂಬಂತೆ ಬರೆದಿಟ್ಟಿದ್ದೆ. ಯಾರ ಹಿತ ಎಂಬುದನ್ನಂತೂ ಹೇಳಿರಲೇ ಇಲ್ಲ.

ಆ ಸಾಲನ್ನು ತೆಗೆದುಹಾಕುತ್ತೇನೆ ಎಂದಾಗ ರೂಮ್‌ಮೇಟ್ ಒಪ್ಪಲಿಲ್ಲ. 'ತೆಗೆದು ಏನು ಹಾಕ್ತೀಯ? ಧೈರ್ಯವಾಗಿ ಹೋರಾಡಿ ಅಂತ? ನಿಂಗೆ ಫೆಲೋಶಿಪ್ ಬರುತ್ತೆ. ಹಾಸ್ಟೆಲ್ ಸೀಟು ಕಳ್ಕೊಂಡ್ರೆ ವಾಪಸ್ ಊರಿಗೆ ಹೋಗೋ ಹುಡುಗಿಗೆ ನೀನು ಧೈರ್ಯ ಹೇಳ್ತೀಯಾ?' ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೊಬ್ಬರ ಖರ್ಚಿನಲ್ಲಿ ಶೂರರಾಗುವುದು ಇನ್ನೊಬ್ಬರ ಖರ್ಚಿನಲ್ಲಿ ಜಾಣರಾಗುವುದಕ್ಕಿಂತ ಮೇಲೇನಲ್ಲ. ವಿಭಾಗದ ಸೆಮಿನಾರುಗಳಲ್ಲಿ ಪ್ರತಿರೋಧದ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಹೊರಗೆ ಬಂದು ಹಾಜರಾತಿಗಾಗಿ ಬಾಗಿ ನಿಲ್ಲುವ ನಾವು ಈ ವಿಷಯದಲ್ಲಿ ಸ್ವಲ್ಪ ನಾಚಿಕೊಳ್ಳುವುದು ಒಳ್ಳೆಯದು.

ಎರಡು ದಿನ ಯೋಚಿಸಿದೆ. ಅವಳು ಕೇಳಿದ್ದು 'ಹೋಗಿ ಕೇಳಲೇ?' ಎಂದು. ಅದಕ್ಕೆ ಹೋಗು ಅಥವಾ ಬೇಡ ಎನ್ನುವ ಮುಂಚೆ ಅವಳಿಗೆ ನಾನು ಕೊಡಬೇಕಾದ್ದು ಬೇರೆ ಇತ್ತು. ಒಂದು, ಇದಕ್ಕೊಂದು ದಾರಿ ಇದೆ ಎಂಬ ಮಾಹಿತಿ. ಯುಜಿಸಿಯ 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಸಮಿತಿಯಲ್ಲಿ ಮಹಿಳೆ ಇರಲೇಬೇಕು. ಅವಳ ಕಾಲಕ್ಕೂ 2019ರ ನಿಯಮ ಜಾರಿಯಲ್ಲಿತ್ತು. ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳದೆಯೇ ಸಲಹೆ ಕೊಟ್ಟಿದ್ದೆ. ಇನ್ನೊಂದು, ನನ್ನ ಭಯವನ್ನು ನನ್ನದೆಂದೇ ಹೇಳುವುದು. 'ನನಗೆ ಹೆದರಿಕೆ ಕಣೇ, ನನ್ನ ಸಹಿ ಅಲ್ಲಿ ಬಾಕಿ ಇದೆ' ಅಂದಿದ್ದರೆ ಅವಳು ನನ್ನ ಮಾತನ್ನು ಎಷ್ಟು ತೂಕಕ್ಕೆ ಬೇಕೋ ಅಷ್ಟಕ್ಕೆ ತೆಗೆದುಕೊಳ್ಳುತ್ತಿದ್ದಳು. ಅಕ್ಕ ಹೇಳಿದ ಬುದ್ಧಿಮಾತು ಎಂದುಕೊಂಡು ಪೂರ್ತಿ ತೂಕಕ್ಕೆ ತೆಗೆದುಕೊಂಡಳು. ಮೂರನೆಯದು ಸಣ್ಣದು. 'ಹೋಗುವುದಾದರೆ ಜೊತೆಗೆ ಬರುತ್ತೇನೆ.' ಇದನ್ನು ಹೇಳಲು ನಾನು ತಯಾರಿಲ್ಲದಿದ್ದರೆ ಧೈರ್ಯದ ಬಗ್ಗೆಯೂ ಬಾಯಿ ಬಿಡಬಾರದು.

ಐದನೆಯ ಸಾಲು ಈಗ ಉದ್ದವಾಗಿದೆ. ಸಮಿತಿಗೆ ಅರ್ಜಿ ಬರೆಯುವ ಮಾದರಿ ಇದೆ. ಅರ್ಜಿ ಕೊಟ್ಟರೆ ಕೆಲವರ ಮುಖ ಗಂಟಿಕ್ಕಬಹುದು, ನನಗೂ ಆ ಹೆದರಿಕೆ ಇದೆ ಎಂದು ಬರೆದಿದ್ದೇನೆ. ಕೊನೆಗೆ ನನ್ನ ಫೋನ್ ನಂಬರ್. ರೂಮ್‌ಮೇಟ್ ಅದನ್ನು ಓದಿ 'ನಂಬರ್ ಹಾಕಿದ್ದೀಯ, ನೋಡೋಣ' ಎಂದಳು.

ಹೋದ ವಾರ ಆ ಹುಡುಗಿಯದೇ ಫೋನು. ತಂಗಿ ಇಲ್ಲಿಗೇ ಎಂ.ಎ.ಗೆ ಬರುತ್ತಿದ್ದಾಳೆ, ಸ್ವಲ್ಪ ನೋಡಿಕೊಳ್ಳಬೇಕು ಎಂದಳು. ಹೊಸ ಲಿಸ್ಟ್ ಕಳಿಸುತ್ತೇನೆ ಎಂದೆ. ಆಮೇಲೆ ಆ ಅಂಕಗಳ ವಿಷಯ ಎತ್ತಿ, ಆವತ್ತು ನಾನು ಬೇಡ ಎಂದದ್ದು ನಿನಗಾಗಿ ಅಲ್ಲ, ನನಗಾಗಿ ಎಂದು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿರಲಿಲ್ಲ.

'ಗೊತ್ತಿತ್ರಿ ಅಕ್ಕಾ' ಅಂದಳು. 'ನೀವೂ ಅಂಜೀರಿ ಅಂತ ಆವತ್ತೇ ಗೊತ್ತಾಗಿತ್ತು.' ಇನ್ನೇನು ಹೇಳಲಿ ಎಂದು ನಾನು ಹುಡುಕುತ್ತಿದ್ದಾಗ ಅವಳೇ ಕೇಳಿದಳು: 'ಹಾಸ್ಟೆಲ್ ಅರ್ಜಿ ಯಾವಾಗ ಬಿಡ್ತಾರ್ರಿ?'