ಹೊಗೆ ಯಾರ ಪಾಲಿಗೆ?

ನಮ್ಮ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತು, ಮುಂದೆ ಮುಂಬಯಿಗೆ ಹೋಗಿ ಬೇಕರಿಯೊಂದರ ಭಟ್ಟಿಯ ಮುಂದೆ ದುಡಿಯುತ್ತಿರುವ ತರುಣನೊಬ್ಬನು 2025ರ ನಾಗರಪಂಚಮಿಗೆ ಊರಿಗೆ ಬಂದಿದ್ದನು. ಮಾತಿನ ನಡುವೆ ಆತನು ಕೇಳಿದ ಪ್ರಶ್ನೆಯಿದು: "ಗುರುಗಳ, ಕಟ್ಟಿಗಿ ಭಟ್ಟಿ ಬಂದ್ ಮಾಡ್ಬೇಕಂತ ಕೋರ್ಟಿನ ಹುಕುಂ ಆಗೇತಿ. ನಾವು ತಪ್ಪರ ಏನ್ ಮಾಡೀವ್ರಿ?"

"ಸರಕಾರ ಏನಾದರೂ ದಾರಿ ಮಾಡೀತು" ಎಂದು ಹೇಳಿ ಆತನನ್ನು ಕಳುಹಿಸಿಕೊಟ್ಟೆನು. ಅದು ಉತ್ತರವಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ವರ್ಗದಲ್ಲಿ ಮಕ್ಕಳು ಇಂಥ ಉತ್ತರ ಕೊಟ್ಟರೆ ನಾವು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ಆದುದರಿಂದ ಆ ಪ್ರಶ್ನೆಯನ್ನು ಇಲ್ಲಿ ಮತ್ತೊಮ್ಮೆ ಎತ್ತಿಕೊಂಡಿದ್ದೇನೆ.

ಸಂಗತಿ ಹೀಗಿದೆ. ಮುಂಬಯಿಯ ಕೆಟ್ಟ ಗಾಳಿಯ ವಿಚಾರವನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2023ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪ್ರಕರಣದಲ್ಲಿ 2025ರ ಜನವರಿ 9ರಂದು ಹೊರಟ ಆಜ್ಞೆಯಂತೆ, ಕಟ್ಟಿಗೆ ಮತ್ತು ಕಲ್ಲಿದ್ದಲಿನಿಂದ ನಡೆಯುವ ಬೇಕರಿಗಳೂ ತಂದೂರು ಒಲೆಗಳೂ ಅನಿಲಕ್ಕೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕು. ಅಧಿಕಾರಿಗಳು ಇದಕ್ಕೆ ಒಂದು ವರ್ಷದ ಅವಧಿಯನ್ನು ಎಣಿಸಿದ್ದರು. ನ್ಯಾಯಾಲಯವು ಅದನ್ನು ಆರು ತಿಂಗಳಿಗೆ ಇಳಿಸಿತು. ಪೋರ್ತುಗೀಜರಿಂದ ಗೋವೆಗೆ ಬಂದು, ಗೋವೆಯ ರೊಟ್ಟಿಗಾರರ ಕೈಹಿಡಿದು ಮುಂಬಯಿಗೆ ನಡೆದು, ಇರಾಣಿಗಳ ಅಂಗಡಿಗಳಲ್ಲಿ ಮನೆಮಾಡಿ, ಕೊನೆಗೆ ಗಿರಣಿ ಕೂಲಿಕಾರರ ವಡಾಪಾವಿನಲ್ಲಿ ಬೆರೆತ ಪಾವಿನ ಮೇಲೆ ಈ ಆಜ್ಞೆಯು ಬಂದುಬಿದ್ದಿತು.

ಸುದ್ದಿ ಬಂದಾಗ ನಮ್ಮ ಶಿಕ್ಷಕರ ಕೋಣೆಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಕಟ್ಟಿಗೆಯ ಬೆಂಕಿಯಲ್ಲಿ ಬೆಂದ ಅನ್ನದ ರುಚಿಯನ್ನು ಅರಿಯದವರು ಮಾಡಿದ ಕಾನೂನಿದು, ಹಿರಿಯರ ಕಾಲದಿಂದ ಬಂದ ಪದ್ಧತಿಯನ್ನು ಅಳಿಸುವವರು ಇವರಾರು, ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ನಾನೂ ತಲೆದೂಗಿದೆನು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಒಂದು ವಿಷಯ ಹೊಳೆಯಿತು: ಆ ಕೋಣೆಯಲ್ಲಿ ರುಚಿಯನ್ನು ಹೊಗಳಿದ ನಾವು ಐವರಲ್ಲಿ ಒಬ್ಬರಾದರೂ ಒಲೆ ಊದಿದವರಲ್ಲ.

ಒಲೆ ಊದಿದವಳು ನಮ್ಮವ್ವ. ಕೋಳಿ ಕೂಗುವ ಹೊತ್ತಿಗೆ ಎದ್ದು, ಕುಳ್ಳು ಮುರಿದಿಟ್ಟು, ತೊಗರಿಕಟ್ಟಿಗೆ ತುರುಕಿ, ಊದುಗೊಳವೆ ಹಿಡಿಯುತ್ತಿದ್ದಳು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹೊತ್ತದೆ ಬರಿಯ ಹೊಗೆಯುಗುಳುವಾಗ ನಾವು ಮಕ್ಕಳು ಕಣ್ಣುಜ್ಜುತ್ತ ಅಂಗಳಕ್ಕೆ ಓಡುತ್ತಿದ್ದೆವು. ಆಕೆಗೆ ಓಡುವ ಅವಕಾಶವಿರಲಿಲ್ಲ. ಬೆಂಕಿ ಪೂರ್ಣವಾಗಿ ಉರಿಯದಿದ್ದಾಗ ಕಟ್ಟಿಗೆಯಿಂದ ಇಂಗಾಲದ ಮಾನಾಕ್ಸೈಡೂ, ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣದಾದ ಕಣಗಳೂ ಹೊರಡುತ್ತವೆ. ಈ ಕಣಗಳು ಮೂಗಿನಲ್ಲಿ ತಡೆಯದೆ ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರುತ್ತವೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಹೊಗೆ ಬೀದಿಗೆ ಬಂದು ನೆರೆಯವರ ಮೂಗಿಗೆ ಮುಟ್ಟಿದಾಗ ಕಾನೂನು ಎಚ್ಚತ್ತಿತು. ಅಡುಗೆಮನೆಯಲ್ಲಿಯೇ ಸುತ್ತುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ಮಾಲಿನ್ಯವೆಂದು ಕರೆಯಲಿಲ್ಲ, ಹೆಂಗಸಿನ ಕೆಲಸವೆಂದು ಕರೆದರು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯು ಬಡ ಗೃಹಿಣಿಯ ಹೆಸರಿನಲ್ಲಿ ಅನಿಲವನ್ನು ಮನೆಯೊಳಗೆ ತಂದಿತೇನೋ ನಿಜ. ಆದರೆ ಮೊದಲ ಸಿಲಿಂಡರಿಗಿಂತ ಎರಡನೆಯದನ್ನು ಕೊಳ್ಳುವುದು ಕಷ್ಟವೆಂಬುದು ನಮ್ಮ ಊರಿನ ಎಷ್ಟೋ ಮನೆಗಳ ಅನುಭವ.

ಹಾಗಾದರೆ ರುಚಿ, ಪರಂಪರೆ ಎಂಬ ಮಾತುಗಳು ಬರಿಯ ಪೊಳ್ಳೇ? ಹಾಗೆ ಹೇಳಲಾರೆ. ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೆಂಡದ ಬದಿಗೆ ಒರಗಿಸಿದಾಗ ಅದು ಉಬ್ಬುವ ಸೊಗಸನ್ನು ನೋಡಿಯೇ ತಿಳಿಯಬೇಕು. ಆದರೆ ರೊಟ್ಟಿಯನ್ನು ಉಬ್ಬಿಸುವುದು ಅದರೊಳಗಿನ ಉಗಿ. ಉಗಿಯನ್ನು ಎಬ್ಬಿಸುವುದು ಶಾಖ. ಭಟ್ಟಿಯ ಪಾವಿಗೆ ಮೇಲ್ಪದರ ಬರುವುದೂ ಇಟ್ಟಿಗೆಯ ಗೋಡೆಗಳು ಹೀರಿಟ್ಟುಕೊಂಡ ಶಾಖದಿಂದಲೇ. ಹೊಗೆಯ ಕಂಪು ಮಾತ್ರ ಕಟ್ಟಿಗೆಯದು, ಅದನ್ನು ಅನಿಲವು ಕೊಡಲಾರದು. ಉಳಿದದ್ದೆಲ್ಲ ಶಾಖದ್ದು, ಹದವರಿತ ಕೈಯದು. ಪರಂಪರೆಯೆಂದು ನಾವು ಕಾಪಾಡಬೇಕಾದದ್ದು ಆ ಕೈಯನ್ನೋ, ಹೊಗೆಯನ್ನೋ? ಇನ್ನೊಂದು ಮಾತು: ಮುಂಬಯಿಯ ಭಟ್ಟಿಗಳಲ್ಲಿ ಬಹುಮಟ್ಟಿಗೆ ಉರಿಯುವುದು ಹಳೆಯ ಬಾಗಿಲು, ಮುರಿದ ಕುರ್ಚಿ, ಪೆಟ್ಟಿಗೆಗಳ ಹಲಗೆ, ಅವುಗಳ ಮೇಲಿನ ಬಣ್ಣ ಮತ್ತು ವಾರ್ನಿಶು. ಅಗ್ಗವೆಂಬುದೇ ಅದರ ಗುಣ. ಅದನ್ನು ಪುರಾತನ ಪದ್ಧತಿಯೆಂದು ಹಾಡಿ ಹೊಗಳುವುದು ಪುರಾತನರಿಗೇ ಮಾಡಿದ ಅಪಚಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮುಂದೆ ಅಸ್ತ್ರ ಒಲೆಯನ್ನು ರೂಪಿಸಿ, ಮೂರು ಪಾತ್ರೆಗಳನ್ನು ಒಂದೇ ಬೆಂಕಿಯ ಮೇಲಿಟ್ಟು, ಹೊಗೆಯನ್ನು ಕೊಳವೆಯಿಂದ ಹೊರಗೊಯ್ದರು. ಕಟ್ಟಿಗೆಯನ್ನು ಬಿಡದೆಯೂ ಅಡುಗೆಯವಳ ಕಣ್ಣನ್ನು ಉಳಿಸಬಹುದೆಂದು ಬಗೆದ ವಿದ್ವಾಂಸರು ಇದ್ದರೆಂಬುದನ್ನು ಮಕ್ಕಳಿಗೆ ಹೇಳಬೇಕು.

ಇಷ್ಟರಮಟ್ಟಿಗೆ ನಾನು ಕಾನೂನಿನ ಪಕ್ಷದವನು. ಆದರೂ ಆ ತರುಣನ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ತಪ್ಪು ಬೇರೆ, ಹಾನಿ ಬೇರೆ. ಯಾವ ತಪ್ಪನ್ನೂ ಮಾಡದವನಿಂದ ಹಾನಿಯಾಗಬಹುದು. ಹಾನಿಯನ್ನು ನಿಲ್ಲಿಸುವುದು ಅವಶ್ಯವೇ ಆಗಿರಬಹುದು. ಆದರೆ ನಿಲ್ಲಿಸುವ ವೆಚ್ಚವನ್ನೆಲ್ಲ ಆತನ ತಲೆಗೇ ಕಟ್ಟಿದರೆ ತಪ್ಪಿಲ್ಲದೆಯೇ ದಂಡ ವಿಧಿಸಿದಂತಾಯಿತು. ಅಗ್ಗದ ಪಾವನ್ನು ತಿಂದವರು ಇಡೀ ನಗರದವರು. ಆ ಅಗ್ಗತನದಲ್ಲಿ ಮುರಿದ ಬಾಗಿಲಿನ ಹೊಗೆಯೂ ಸೇರಿತ್ತು. ಈಗ ಹಳೆಯ ಭಟ್ಟಿಯನ್ನು ಒಡೆದು ಹೊಸದನ್ನು ಹೂಡಲು ಲಕ್ಷಗಟ್ಟಲೆ ರೂಪಾಯಿ ಬೇಕು. ಮಾಲಕನು ಅದನ್ನು ಹೊರಲಾರದೆ ಬಾಗಿಲು ಮುಚ್ಚಿದರೆ, ಭಟ್ಟಿಯ ಪಕ್ಕದಲ್ಲಿಯೇ ಹಾಸಿಕೊಂಡು ಮಲಗುವ ನಮ್ಮ ಹುಡುಗನಿಗೆ ಕೆಲಸದೊಡನೆ ಮಲಗುವ ಜಾಗವೂ ಹೋಯಿತು.

ಅದೇ ಜನವರಿ 9ರ ಆಜ್ಞೆಯಲ್ಲಿ ಮೋಟಾರು ವಾಹನಗಳ ಮಾತೂ ಇದೆ. ಪೆಟ್ರೋಲು, ಡೀಸೆಲ್ ವಾಹನಗಳನ್ನು ಕ್ರಮೇಣ ಇಲ್ಲದಂತೆ ಮಾಡಲು ಸಾಧ್ಯವೇ ಎಂದು ಅಭ್ಯಸಿಸಲು ತಜ್ಞರ ಸಮಿತಿ ಆಗಬೇಕೆಂದು ಅದು ಹೇಳಿತು. ಭಟ್ಟಿಗೆ ಆರು ತಿಂಗಳ ಗಡುವು, ಮೋಟಾರಿಗೆ ಸಮಿತಿ! ಮೋಟಾರುಗಳನ್ನು ಒಮ್ಮೆಲೇ ನಿಲ್ಲಿಸಲಾಗದೆಂಬುದು ನನಗೂ ಗೊತ್ತು. ಆದರೆ ಅನಿವಾರ್ಯತೆಯೆಂಬುದು ಯಾವಾಗಲೂ ಉಳ್ಳವರ ಕಡೆಗೇ ಏಕೆ ಕಾಣಿಸಿಕೊಳ್ಳುತ್ತದೆ?

ಬೇರೆ ದಾರಿಯಿಲ್ಲವೆನ್ನುವಂತಿಲ್ಲ. 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತಾಜಮಹಲಿನ ರಕ್ಷಣೆಗಾಗಿ, ಆಗ್ರಾ ಸುತ್ತಿನ 292 ಕಾರಖಾನೆಗಳು ಕಲ್ಲಿದ್ದಲನ್ನು ಬಿಟ್ಟು ಅನಿಲಕ್ಕೆ ಬದಲಾಗಬೇಕು, ಇಲ್ಲವೆ ಸ್ಥಳಾಂತರವಾಗಬೇಕು ಎಂದು ಆಜ್ಞಾಪಿಸಿತು. ಆಗ ಅದು ಕೆಲಸಗಾರರನ್ನು ಮರೆಯಲಿಲ್ಲ. ಸ್ಥಳಾಂತರದ ಕಾಲದಲ್ಲಿಯೂ ಅವರು ಕೆಲಸದಲ್ಲಿದ್ದಂತೆಯೇ ಎಣಿಸಬೇಕು, ಹೊಸ ಸ್ಥಳಕ್ಕೆ ಹೋಗುವವರಿಗೆ ಒಂದು ವರ್ಷದ ಸಂಬಳವನ್ನು ಹೆಚ್ಚಾಗಿ ಕೊಡಬೇಕು ಎಂದು ಅದೇ ತೀರ್ಪಿನಲ್ಲಿ ಬರೆಯಿತು. ಅಮೃತಶಿಲೆಗಾಗಿ ಅಷ್ಟನ್ನು ಯೋಚಿಸಿದ ನಾಡಿನಲ್ಲಿ ಮನುಷ್ಯರ ಉಸಿರಿಗಾಗಿಯೂ ಯೋಚಿಸಬಹುದಲ್ಲವೇ?

ದೀಪಾವಳಿಗೆ ಆ ಹುಡುಗನು ಮತ್ತೆ ಬಂದಾಗ ಇದನ್ನೆಲ್ಲ ಹೇಳಿದೆನು. "ನಿನ್ನ ತಪ್ಪಿಲ್ಲಪ್ಪಾ, ಆದರೆ ಭಟ್ಟಿ ಬದಲಾಗಬೇಕು, ಅದರ ಖರ್ಚು ನಿನ್ನ ಮೇಲೆ ಬೀಳಬಾರದು" ಎಂದೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರ್ಚು ಯಾರ ಮ್ಯಾಲೆ ಬೀಳಬೇಕ್ರಿ ಮತ್ತ?" ಎಂದನು.

ನಮ್ಮ ಶಾಲೆಯಲ್ಲಿಯೂ ಮಧ್ಯಾಹ್ನದ ಊಟದ ಸಿಲಿಂಡರು ತೀರಿ ಹೊಸದು ಬರುವತನಕ ಹಿತ್ತಲಿನ ಕಲ್ಲೊಲೆಯೇ ಗತಿ. ಅಂಥ ದಿನಗಳಲ್ಲಿ "ಇವತ್ತಿನ ಖಿಚಡಿ ರುಚಿಯಾಗಿದೆ ಅಕ್ಕಾ" ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಅಡುಗೆಯ ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ನಕ್ಕಿದ್ದಾಳೆ. ಈಗ ಆ ಹೊಗಳಿಕೆಯನ್ನು ಬಿಟ್ಟಿದ್ದೇನೆ. ಒಂದು ಸಿಲಿಂಡರನ್ನು ಮೊದಲೇ ಕೊಂಡಿಡಲು ಶಿಕ್ಷಕರೆಲ್ಲ ವಂತಿಗೆ ಹಾಕೋಣವೆಂದು ಕಳೆದ ಸಭೆಯಲ್ಲಿ ಸೂಚಿಸಿದೆನು. ಮೂವರು ಒಪ್ಪಿದರು. ರುಚಿಯ ಪಕ್ಷಪಾತಿಗಳಾದ ಆ ಹಿರಿಯರು ಮಾತ್ರ, ಇದು ಸರಕಾರ ಮಾಡಬೇಕಾದ ಕೆಲಸ, ನಾವು ಕೈಯಿಂದ ಹಾಕತೊಡಗಿದರೆ ಅದು ಎಂದೆಂದಿಗೂ ನಮ್ಮ ಕೊರಳಿಗೇ ಬೀಳುತ್ತದೆ ಎಂದರು. ಅವರ ಮಾತೂ ಸುಳ್ಳಲ್ಲ. ಮುಂದಿನ ಸಭೆಯು ಶನಿವಾರ ಇದೆ.