ಎದೆಯ ಮೇಲೆ ಹೊಲಿದ ಹೆಸರು

ಧ್ಯಾನಕ್ಕೆ ಆಧಾರ: ವಿಮೋಚನಕಾಂಡ 28ನೆಯ ಅಧ್ಯಾಯ, 29ನೆಯ ವಚನ



ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಎರಡು ಕಡೆಗಳಲ್ಲಿಯೂ ಹತ್ತಿಯ ಹೊಲಗಳು ಬೆಳ್ಳಗಾಗುವದನ್ನು ನೀವೆಲ್ಲರೂ ಕಂಡಿದ್ದೀರಿ. ನಾರಾಯಣಪುರದ ಆಣೆಕಟ್ಟಿನ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದು ಬರುವ ಈ ಸೀಮೆಯ ಕರಿಯ ಭೂಮಿಯು ಹತ್ತಿಯನ್ನು ಧಾರಾಳವಾಗಿ ಕೊಡುತ್ತದೆ. ನಮ್ಮ ಸಭೆಗಳ ತಾಯಂದಿರು ಸೊಂಟಕ್ಕೆ ಉಡಿ ಕಟ್ಟಿಕೊಂಡು ಅದನ್ನು ಬಿಡಿಸುತ್ತಾರೆ. ಲಾರಿಗಳು ಅದನ್ನು ಗಿರಣಿಗೆ ಒಯ್ಯುತ್ತವೆ. ಆ ಮೇಲೆ ನಾವು ಅದನ್ನು ಮರೆತುಬಿಡುತ್ತೇವೆ. ಆದರೆ ಹತ್ತಿಯು ದೂರದ ಊರುಗಳಲ್ಲಿ ನೂಲಾಗಿ, ಅರಿವೆಯಾಗಿ, ಅಂಗಿಯಾಗಿ ತಿರಿಗಿ ನಮ್ಮ ಸಂತೆಗೇ ಬರುತ್ತದೆ.

ಯಾದಗಿರಿಯ ಬಸ್ಸು ನಿಲ್ದಾಣದ ಬಳಿ ಸ್ವಲ್ಪ ಹೊತ್ತು ನಿಂತು ಹೋಗಿಬರುವವರ ಅಂಗಿಗಳನ್ನು ನೋಡಿರಿ. ಚಹದ ಹೋಟೆಲಿನ ಹುಡುಗನ ಅಂಗಿಯ ಮೇಲೆ ಆ ಹೋಟೆಲಿನ ಹೆಸರು, ಪೆಟ್ರೋಲ್ ಹಾಕುವವನ ಅಂಗಿಯ ಮೇಲೆ ಅವನ ಬಂಕಿನ ಗುರುತು, ಶಾಲೆಯ ಮಕ್ಕಳ ಅಂಗಿಯ ಮೇಲೆ ಶಾಲೆಯ ಮುದ್ರೆ. ಅದು ಎಡಗಡೆಯಲ್ಲಿ, ಹೃದಯದ ಮೇಲೆಯೇ, ಬಣ್ಣದ ದಾರದಿಂದ ಹೊಲಿಯಲ್ಪಟ್ಟಿರುತ್ತದೆ. ಹೀಗೆ ಹೆಸರುಗಳನ್ನು ಹೊಲಿದು ಕೊಡುವ ಕಸೂತಿಯ ಕಾರ್ಖಾನೆಗಳು ಪಟ್ಟಣಗಳಲ್ಲಿ ಉಂಟು. ಕೂಲಿಯನ್ನು ಹುಡುಕಿಕೊಂಡು ಊರು ಬಿಟ್ಟು ಹೋದ ನಮ್ಮ ಯೌವನಸ್ಥರಲ್ಲಿ ಕೆಲವರು ಇಂಥ ಯಂತ್ರಗಳ ಮುಂದೆ ನಿಂತು ದುಡಿಯುತ್ತಾರೆ. ಈ ಕೆಲಸಕ್ಕೂ ದೇವರ ವಾಕ್ಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆರೋನನ ಅಂಗಿಯನ್ನು ನೋಡುವವನಿಗೆ ಆ ಸಂಬಂಧವು ತಿಳಿಯುತ್ತದೆ. ಮಹಾಯಾಜಕನು ಪರಿಶುದ್ಧ ಸ್ಥಳವನ್ನು ಪ್ರವೇಶಿಸುವಾಗ ತನ್ನ ಸ್ವಂತ ಹೆಸರನ್ನು ಎದೆಯ ಮೇಲೆ ಹಾಕಿಕೊಳ್ಳಲಿಲ್ಲ. ಇಸ್ರಾಯೇಲಿನ ಹನ್ನೆರಡು ಕುಲಗಳ ಹೆಸರುಗಳನ್ನು ಅವನು ಎದೆಯ ಮೇಲೆ ಹೊತ್ತನು. ಪರರ ಹೆಸರನ್ನು ಹೃದಯದ ಮೇಲೆ ಹೊರುವದು ದೇವರು ನೇಮಿಸಿದ ಸೇವೆಯಾಗಿತ್ತು. ಹಾಗಾದರೆ ಪರರ ಹೆಸರನ್ನು ಹೊಲಿಯುವ ಕೈಯು ಹೇಗಿರತಕ್ಕದ್ದೆಂದು ಈ ದಿವಸ ವಿಚಾರಿಸೋಣ.

ಒಂದನೆಯದಾಗಿ, ಕೈಯ ಜಾಣ್ಮೆಯು ದೇವರ ದಾನವಾಗಿದೆ.

ದೇವದರ್ಶನದ ಗುಡಾರವನ್ನು ಕಟ್ಟುವ ಕಾಲದಲ್ಲಿ ದೇವರು ಇಬ್ಬರನ್ನು ಹೆಸರು ಹಿಡಿದು ಕರೆದನೆಂದು ವಿಮೋಚನಕಾಂಡದಲ್ಲಿ ಓದುತ್ತೇವೆ. ಯೂದ ಕುಲದ ಬೆಚಲೇಲನು ಒಬ್ಬನು, ದಾನ್ ಕುಲದ ಒಹೊಲೀಯಾಬನು ಮತ್ತೊಬ್ಬನು. ಒಹೊಲೀಯಾಬನು ಬಣ್ಣದ ನೂಲಿನಿಂದ ಕಸೂತಿ ಮಾಡುವವನಾಗಿದ್ದನು. ಗುಡಾರದ ಬಾಗಿಲಿನ ಪರದೆಯೂ ಅಂಗಳದ ಬಾಗಿಲಿನ ಪರದೆಯೂ ಯಾಜಕನ ನಡುಕಟ್ಟೂ ಕಸೂತಿಯವರ ಕೆಲಸದಿಂದಲೇ ಆದವು. ಬೆಚಲೇಲನ ವಿಷಯದಲ್ಲಿ ಅವನು ದೇವರಾತ್ಮದಿಂದ ತುಂಬಿದವನೆಂದು ಬರೆದಿದೆ. ಆ ಆತ್ಮವು ಅವನಿಗೆ ಪ್ರಸಂಗ ಮಾಡುವದಕ್ಕಲ್ಲ, ಕೈಕೆಲಸ ಮಾಡುವದಕ್ಕೆ ಕೊಡಲ್ಪಟ್ಟಿತೆಂಬದನ್ನು ಗಮನಿಸಿರಿ.

ಈ ದಾನವನ್ನು ದೇವರು ನಮಗೆ ಮಾತ್ರ ಕೊಟ್ಟಿದ್ದಾನೆಂದು ನಾವು ಹೆಮ್ಮೆಪಡಬಾರದು. ನಮ್ಮ ಮೂರು ತಾಲೂಕುಗಳ ತಾಂಡಾಗಳಲ್ಲಿರುವ ಲಂಬಾಣಿ ತಾಯಂದಿರನ್ನು ನೋಡಿರಿ. ಅವರು ಕನ್ನಡಿಯ ಚೂರು, ಕವಡೆ, ನಾಣ್ಯಗಳನ್ನು ಬಟ್ಟೆಗೆ ಕೂಡಿಸಿ ಹೊಲಿಯುವ ವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ತಾಯಿಯ ಬದಿಯಲ್ಲಿ ಕುಳಿತು ಕಲಿತರು. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಅದೇ ಜನರ ಕಸೂತಿಗೆ ಭೌಗೋಳಿಕ ಗುರುತು ದೊರೆತಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಪ್ರತಿನಿಧಿಗಳು ಕೂಡಿದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಮಾಡಿದ 1755 ವಸ್ತುಗಳನ್ನು ಅಲ್ಲಿ ಇಡಲಾಗಿ, ಅದು ಲೋಕದ ದಾಖಲೆಯ ಪುಸ್ತಕವನ್ನು ಸೇರಿತು. ನಾವು ತಾಂಡಾದವರೆಂದು ಹಗುರಾಗಿ ಮಾತಾಡುವವರ ಬೆರಳುಗಳಲ್ಲಿ ದೇವರು ಇಷ್ಟು ಇಟ್ಟಿದ್ದಾನೆ.

ನಮ್ಮ ಹಿಂದಿನವರ ಚರಿತ್ರೆಯನ್ನಾದರೂ ನೆನಸಿರಿ. ಮಂಗಳೂರಿನಲ್ಲಿ ಸಭೆಗೆ ಸೇರಿದವರು ಮನೆಯನ್ನೂ ಕುಲದ ಕಸಬನ್ನೂ ಕಳಕೊಂಡು ನಿಂತಾಗ, ಬಾಸೆಲ್ ಮಿಶನ್ನಿನವರು ಅವರಿಗಾಗಿ ನೇಯ್ಗೆಯ ಕಾರ್ಖಾನೆಯನ್ನು ಕಟ್ಟಿದರು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಕಾರನು ಹೊಸ ಬಗೆಯ ಮಗ್ಗವನ್ನು ತಂದನು. ಖಾಕಿ ಬಣ್ಣವು ಅಲ್ಲಿಂದಲೇ ಹೊರಟಿತೆಂದು ಹೇಳುವದುಂಟು. ಆ ಬಟ್ಟೆಯು ತನ್ನ ಗಟ್ಟಿತನದಿಂದ ಹೆಸರಾಯಿತು. ಅದನ್ನು ನೆಯ್ದವರು ಜನರಿಗೆ ಮೋಸ ಮಾಡಲಿಲ್ಲವೆಂಬದೇ ಅವರು ಲೋಕಕ್ಕೆ ಕೊಟ್ಟ ಸಾಕ್ಷಿ.

ಎರಡನೆಯದಾಗಿ, ಪರರ ಹೆಸರು ನಮ್ಮ ಕೈಯಲ್ಲಿ ಇಟ್ಟ ಅಡವಿನಂತಿದೆ.

ದೊಡ್ಡ ಗಿರಣಿಗಳು ನೂರಾರು ಸಾವಿರಾರು ಅಂಗಿಗಳ ಕೆಲಸವನ್ನು ಬೇಡುತ್ತವೆ. ಸಾಲ ಮಾಡಿ ಹೊಸ ಅಂಗಡಿ ಇಟ್ಟವನು ತನ್ನ ಮೂವರು ಕೆಲಸಗಾರರಿಗೆ ಆರು ಅಂಗಿಗಳು ಬೇಕೆಂದು ಅಲ್ಲಿಗೆ ಹೋದರೆ ಅವನನ್ನು ಕೇಳುವವರಿಲ್ಲ. ಅವನು ಸಣ್ಣ ಕಾರ್ಖಾನೆಗೆ ಬಂದು ಒಂದು ಚೀಟಿಯಲ್ಲಿ ಹೆಸರನ್ನು ಬರೆದುಕೊಡುತ್ತಾನೆ. ಅದು ಅವನ ತಂದೆಯ ಹೆಸರಾಗಿರಬಹುದು, ತೀರಿಹೋದ ಮಗಳ ಹೆಸರಾಗಿರಬಹುದು. ಅವನ ಪಾಲಿಗೆ ಆ ಚೀಟಿಯು ಸಣ್ಣದಲ್ಲ.

ಆ ಚೀಟಿಯು ಹೊಲಿಗೆಯಾಗುವ ಬಗೆಯನ್ನು ಕೇಳಿರಿ. ಕಂಪ್ಯೂಟರಿನ ಮುಂದೆ ಕುಳಿತವನು ಪ್ರತಿಯೊಂದು ಅಕ್ಷರವನ್ನೂ ಹೊಲಿಗೆ ಹೊಲಿಗೆಯಾಗಿ ಬಿಡಿಸಿ, ಸೂಜಿಯು ಎಲ್ಲಿ ಇಳಿಯಬೇಕು, ಯಾವ ಕಡೆಗೆ ತಿರುಗಬೇಕು ಎಂದು ಗೊತ್ತುಮಾಡುತ್ತಾನೆ. ನಮ್ಮ ಕನ್ನಡದ ಒತ್ತಕ್ಷರಗಳನ್ನು ಬಹಳ ಸಣ್ಣಗೆ ಮಾಡಿದರೆ ಅವು ದಾರದಲ್ಲಿ ಮುಚ್ಚಿಹೋಗಿ ಓದಲು ಬಾರದಂತಾಗುತ್ತವೆ. ಆದದರಿಂದ ಅವನಿಗೆ ತಾಳ್ಮೆ ಬೇಕು. ಮತ್ತೊಬ್ಬನು ಬಟ್ಟೆಯನ್ನು ಚೌಕಟ್ಟಿನಲ್ಲಿ ಬಿಗಿದು, ಅದು ಸುಕ್ಕಾಗದಂತೆ ಹಿಂದುಗಡೆ ಕಾಗದದಂಥ ಅರಿವೆಯನ್ನು ಆಧಾರವಾಗಿ ಕೊಡುತ್ತಾನೆ. ಆ ಮೇಲೆ ಸೂಜಿಯು ಒಂದು ನಿಮಿಷಕ್ಕೆ ನೂರಾರು ಸಲ ಇಳಿದು ಏಳುತ್ತದೆ. ಎದೆಯ ಮೇಲಿನ ಒಂದು ಗುರುತಿಗೆ ಸಾವಿರಗಟ್ಟಲೆ ಹೊಲಿಗೆಗಳು ಹೋಗುತ್ತವೆ. ಸಾಧಾರಣವಾಗಿ ಬೆಲೆಯನ್ನು ಕಟ್ಟುವದೂ ಹೊಲಿಗೆಗಳ ಲೆಕ್ಕದಿಂದಲೇ. ಕೊನೆಗೆ ಒಬ್ಬಾಕೆಯು ಕತ್ತರಿ ಹಿಡಿದು ಹೆಚ್ಚಿನ ದಾರಗಳನ್ನು ಕತ್ತರಿಸಿ ಮಡಚಿಡುತ್ತಾಳೆ.

ಇಲ್ಲಿ ಮೋಸಕ್ಕೆ ಬಹಳ ಎಡೆಯುಂಟು. ಹೊಲಿಗೆಗಳನ್ನು ವಿರಳವಾಗಿ ಹಾಕಿ ದಾರವನ್ನು ಉಳಿಸಬಹುದು. ಹಿಂದಿನ ಆಧಾರವನ್ನು ಬಿಟ್ಟುಬಿಡಬಹುದು. ಬಣ್ಣ ಬಿಡುವ ಅಗ್ಗದ ದಾರವನ್ನು ಏರಿಸಬಹುದು. ಒಪ್ಪಿಸುವ ದಿವಸ ಗಿರಾಕಿಗೆ ಇದೊಂದೂ ಕಾಣುವದಿಲ್ಲ. ಮೂರನೆಯ ಒಗೆತಕ್ಕೆ ಎಲ್ಲವೂ ಬೈಲಾಗುತ್ತದೆ. ಅಷ್ಟು ಹೊತ್ತಿಗೆ ಹಣವು ಪೆಟ್ಟಿಗೆಯನ್ನು ಸೇರಿರುತ್ತದೆ, ಬಡ ಅಂಗಡಿಯವನ ಹೆಸರು ಅವನ ಕೆಲಸಗಾರನ ಎದೆಯ ಮೇಲೆ ಮುದುಡಿಕೊಂಡಿರುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ದಾಸರಿಗೆ ಬೋಧಿಸುವಾಗ, ಯಜಮಾನನ ಕಣ್ಣೆದುರಿನಲ್ಲಿ ಮಾತ್ರ ದುಡಿಯದೆ ಕರ್ತನಿಗಾಗಿಯೇ ದುಡಿಯಬೇಕೆಂದು ತಿಳಿಸುತ್ತಾನೆ. ಗಿರಾಕಿಗೆ ಕಾಣದ ಆಧಾರದ ಅರಿವೆಯು ಕರ್ತನಿಗೆ ಕಾಣುತ್ತದೆ.

ಮೂರನೆಯದಾಗಿ, ಸುಳ್ಳು ಹೆಸರನ್ನು ಹೊಲಿಯಲೇಬಾರದು.

ಇದನ್ನು ಬರೆಯುವಾಗ ನಮ್ಮ ಕೈ ನಿಲ್ಲುತ್ತದೆ. ಒಂದು ಸಾಯಂಕಾಲ ನಮ್ಮ ಸಭೆಯ ಒಬ್ಬ ವಿಧವೆಯು ನಮ್ಮ ಬಳಿಗೆ ಬಂದಳು. ಆಕೆಯ ಮಗನು ಪಟ್ಟಣದ ಒಂದು ಕಸೂತಿಯ ಕಾರ್ಖಾನೆಯಲ್ಲಿದ್ದನು. ಅಲ್ಲಿ ಹಗಲೆಲ್ಲಾ ಅಂಗಡಿಯವರ ಹೆಸರುಗಳನ್ನು ಹೊಲಿಯುತ್ತಿದ್ದರು. ರಾತ್ರಿಯ ಪಾಳಿಯಲ್ಲಿ ಸಾದಾ ಅಂಗಿಗಳ ಮೇಲೆ ಲೋಕಪ್ರಸಿದ್ಧವಾದ ದೊಡ್ಡ ಕಂಪನಿಯೊಂದರ ಗುರುತನ್ನು ಹೊಲಿಯುತ್ತಿದ್ದರು. ನೂರು ರೂಪಾಯಿಯ ಅಂಗಿಯು ಹೀಗೆ ಐದುನೂರರ ಅಂಗಿಯಾಗುತ್ತಿತ್ತು. ಆಕೆ ನಮ್ಮನ್ನು ಕೇಳಿದಳು: “ಹೊಲಿದ್ರ ಪಾಪ, ಹೊಲಿಲಿಲ್ಲಂದ್ರ ಉಪಾಸ. ಏನ್ ಮಾಡ್ಬೇಕ್ರಿ ಅಯ್ಯನವರ?”

ನಾವು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವನ್ನು ತೆರೆದೆವು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಅಲ್ಲಿ ಆಜ್ಞೆಯುಂಟು. ಸುಳ್ಳು ಗುರುತು ಸುಳ್ಳು ಕಲ್ಲಿಗೆ ಸಮಾನ. ಅದನ್ನು ನಂಬಿ ಕೊಳ್ಳುವವನು ಮೋಸಹೋಗುತ್ತಾನೆ. ಸರಕಾರದ ಶಾಸನವಾದರೂ ಹೀಗೆಯೇ ಹೇಳುತ್ತದೆ. 1999ರ ವ್ಯಾಪಾರ ಗುರುತುಗಳ ಕಾಯಿದೆಯಲ್ಲಿ ಇದಕ್ಕೆ ಸೆರೆವಾಸವೂ ದಂಡವೂ ಉಂಟು. ಇದನ್ನೆಲ್ಲಾ ಆಕೆಗೆ ತಿಳಿಸಿ, ಪ್ರಾರ್ಥನೆ ಮಾಡಿ, ನಾವು ಮನೆಯೊಳಕ್ಕೆ ಹೋಗಿ ಊಟ ಮಾಡಿದೆವು.

ಮಗನು ತಾಯಿಯ ಮಾತನ್ನು ಕೇಳಿ, ರಾತ್ರಿಯ ಕೆಲಸವನ್ನು ಮಾಡಲಾರೆನೆಂದು ಯಜಮಾನನಿಗೆ ಹೇಳಿದನು. ಯಜಮಾನನು ಹಗಲಿನ ಕೆಲಸವನ್ನೂ ತೆಗೆದುಬಿಟ್ಟನು. ಆ ಹುಡುಗನು ಎರಡು ತಿಂಗಳು ಮನೆಯಲ್ಲಿ ಕುಳಿತನು. ಆ ಎರಡು ತಿಂಗಳಲ್ಲಿ ನಾವು ಒಂದು ಸಾರಿಯೂ ಆ ಮನೆಯ ಜೋಳದ ಗಡಿಗೆಯನ್ನು ವಿಚಾರಿಸಲಿಲ್ಲ. ನೆರೆಯ ಮನೆಯ ಮುದುಕಿಯು, ಸಭೆಯ ಪಟ್ಟಿಯಲ್ಲಿ ಹೆಸರೂ ಇಲ್ಲದವಳು, ವಾರಕ್ಕೊಮ್ಮೆ ಒಂದು ಸೇರು ಜೋಳವನ್ನು ಸೆರಗಿನಲ್ಲಿ ತಂದು ಸುರುವಿ ಹೋಗುತ್ತಿದ್ದಳೆಂದು ಆ ಮೇಲೆ ತಿಳಿಯಿತು. ಈಗ ಆ ಹುಡುಗನು ಬೇರೊಂದು ಕಡೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದ್ದಾನೆ. ಸಂಬಳವು ಮೊದಲಿಗಿಂತ ಕಡಿಮೆ.

ನಾವು ಹೇಳಿದ ಉಪದೇಶವು ಸತ್ಯವಾಗಿತ್ತು. ಆದರೆ ಅದರ ಕ್ರಯವನ್ನು ಆ ತಾಯಿಯೂ ಮಗನೂ ಕೊಟ್ಟರು, ನಾವೇನೂ ಕೊಡಲಿಲ್ಲ. ಸುಳ್ಳನ್ನು ಹೊಲಿಯಬೇಡವೆಂದು ಬಡವನಿಗೆ ಬೋಧಿಸುವ ಸಭೆಯು, ಅವನು ಕೆಲಸ ಕಳಕೊಂಡ ದಿವಸ ಅವನ ಒಲೆಯನ್ನೂ ನೋಡತಕ್ಕದ್ದು. ಹಾಗೆ ನೋಡದ ಬೋಧನೆಯು ಪರರ ಹೆಗಲಿಗೆ ಹೊರೆ ಕಟ್ಟಿ ತಾನು ಬೆರಳನ್ನೂ ಮುಟ್ಟಿಸದ ಫರಿಸಾಯರ ಬೋಧನೆಯಾಗುತ್ತದೆ. ಈ ಅಪರಾಧವು ನಮ್ಮದೆಂದು ಈ ಪುಟದಲ್ಲಿ ಅರಿಕೆ ಮಾಡುತ್ತೇವೆ.

ನಾಲ್ಕನೆಯದಾಗಿ, ಬಟ್ಟೆಯ ಹಿಂಬದಿಯನ್ನೂ ದೇವರು ನೋಡುತ್ತಾನೆ.

ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಅವುಗಳಲ್ಲಿ ಗವಂತಿಯನ್ನು ಬಲ್ಲ ಕೈಯು ಹಾಕಿದರೆ ಎದುರು ಯಾವದು, ಹಿಂಬದಿ ಯಾವದು ಎಂದು ಹೇಳಲಾಗುವದಿಲ್ಲ; ಗಂಟು ಹಾಕದೆಯೇ ಎರಡು ಕಡೆಗಳಲ್ಲಿಯೂ ಒಂದೇ ಚಿತ್ರವು ಕಾಣುತ್ತದೆ. ಯಂತ್ರದ ಹೊಲಿಗೆಗೆ ಈ ಗುಣವಿಲ್ಲ. ಎದುರಿನಲ್ಲಿ ಬಣ್ಣದ ಹೆಸರು ಹೊಳೆಯುತ್ತದೆ, ಹಿಂದೆ ಬಾಬಿನಿನ ದಾರವೂ ತುಂಡುಗಳೂ ಸಿಕ್ಕಿಕೊಂಡಿರುತ್ತವೆ. ಬಟ್ಟೆಗೆ ಇದು ತಪ್ಪಲ್ಲ, ಮನುಷ್ಯನಿಗೆ ತಪ್ಪು.

ಯಜಮಾನರಾದ ಸಹೋದರರೇ, ಈ ಮಾತು ನಿಮಗೂ ಸೇರಿದೆ. ಅಂಗಡಿಯ ಬಾಗಿಲಲ್ಲಿ ಒಳ್ಳೇ ಮಾತಾಡಿ, ಒಳಗೆ ದಾರ ಕತ್ತರಿಸುವವಳ ಕೂಲಿಯನ್ನು ನಾಳೆ ನಾಡದು ಎಂದು ಮುಂದೆ ಹಾಕುವವನ ಬಾಳು ಯಂತ್ರದ ಹೊಲಿಗೆಯಂತಿದೆ. ಸೂರ್ಯನು ಮುಳುಗುವದರೊಳಗೆ ಕೂಲಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ತಡೆಹಿಡಿದ ಕೂಲಿಯು ತಾನೇ ಕೂಗುತ್ತದೆಂದು ಯಾಕೋಬನು ಎಚ್ಚರಿಸುತ್ತಾನೆ. ಆಕೆಯ ಕಣ್ಣು ನೋಯುವಷ್ಟು ಮಂದವಾದ ದೀಪದ ಕೆಳಗೆ ಆಕೆಯನ್ನು ಕೂಡ್ರಿಸಬೇಡಿರಿ. ಕೆಲಸಗಾರರಾದ ಸಹೋದರರೇ, ನೀವು ರೀಲು ದಾರವನ್ನು ಕಿಸೆಗೆ ಹಾಕಿಕೊಂಡು ಮನೆಗೆ ಒಯ್ದರೆ ಅದೂ ಹಿಂಬದಿಯ ಸಿಕ್ಕೇ.

139ನೆಯ ಕೀರ್ತನೆಯ 15ನೆಯ ವಚನದಲ್ಲಿ ಭಕ್ತನು ತಾನು ತಾಯಿಯ ಗರ್ಭದ ಮರೆಯಲ್ಲಿ ರೂಪಿಸಲ್ಪಟ್ಟದ್ದನ್ನು ನೆನಸುತ್ತಾನೆ. ಅಲ್ಲಿಯ ಇಬ್ರಿಯ ಮಾತಿಗೂ ಗುಡಾರದ ವಿಷಯದಲ್ಲಿ ಕಸೂತಿಗಾರನೆಂಬದಕ್ಕೆ ಬರೆದ ಮಾತಿಗೂ ಮೂಲವು ಒಂದೇ. ದೇವರು ನಮ್ಮನ್ನು ಕಸೂತಿಯಂತೆ ಹೊಲಿದನೆಂಬದೇ ಅದರ ಭಾವ. ಆತನು ಯಾರ ಕಣ್ಣಿಗೂ ಬೀಳದ ಕತ್ತಲೆಯಲ್ಲಿ ಆ ಕೆಲಸವನ್ನು ಮಾಡಿದನು. ಅಲ್ಲಿ ಒಂದು ಹೊಲಿಗೆಯನ್ನೂ ವಿರಳ ಮಾಡಲಿಲ್ಲ.

ಪ್ರಿಯರೇ, ಪರರ ಹೆಸರುಗಳನ್ನು ದಿನವೆಲ್ಲಾ ಹೊಲಿಯುವವನ ಸ್ವಂತ ಹೆಸರು ಯಾವ ಅಂಗಿಯ ಮೇಲೆಯೂ ಇರುವದಿಲ್ಲ. ಇದರಿಂದ ನಮ್ಮ ಮಕ್ಕಳು ಬೇಸರಗೊಳ್ಳಬಾರದು. ಯೊಪ್ಪ ಎಂಬ ಪಟ್ಟಣದಲ್ಲಿ ತಬಿಥಾ ಎಂಬ ಶಿಷ್ಯಳು ತೀರಿಹೋದಾಗ, ವಿಧವೆಯರು ಪೇತ್ರನ ಸುತ್ತಲೂ ನಿಂತು ಅಳುತ್ತಾ ಆಕೆಯು ತಮಗೆ ಮಾಡಿಕೊಟ್ಟ ಬಟ್ಟೆಗಳನ್ನು ಎತ್ತಿ ತೋರಿಸಿದರು. ಆ ಬಟ್ಟೆಗಳ ಮೇಲೆ ಆಕೆಯ ಹೆಸರು ಬರೆದಿತ್ತೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿಲ್ಲ. ಆದರೂ ಆ ಬಡವರು ಒಂದೊಂದು ಹೊಲಿಗೆಯಲ್ಲಿಯೂ ಅದನ್ನು ಓದಿದರು.

ಆದದರಿಂದ ಈ ತಿಂಗಳಲ್ಲಿ ಎರಡು ಕೆಲಸಗಳನ್ನು ಮಾಡೋಣ. ಪಟ್ಟಣದಲ್ಲಿ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ, ಎಷ್ಟು ತಂದಿರೆಂದು ಕೇಳುವದಕ್ಕೆ ಮುಂಚೆ ಹೇಗೆ ದುಡಿದಿರೆಂದು ಕೇಳೋಣ. ಸತ್ಯಕ್ಕಾಗಿ ಕೆಲಸ ಕಳಕೊಂಡು ಬಂದವನು ಯಾವ ಹಳ್ಳಿಯಲ್ಲಿದ್ದರೂ, ಆ ಹಳ್ಳಿಯ ಸಭೆಯು ಕಾಣಿಕೆಯ ಜೋಳದಿಂದ ಮೊದಲನೆಯ ಸೇರನ್ನು ಅವನ ಮನೆಗೆ ಅಳೆಯಲಿ.

ಮಹಾಯಾಜಕನಾದ ಯೇಸು ಕ್ರಿಸ್ತನು ನಮ್ಮೆಲ್ಲರ ಹೆಸರುಗಳನ್ನು ತನ್ನ ಹೃದಯದ ಮೇಲೆ ಹೊತ್ತು ತಂದೆಯ ಮುಂದೆ ನಿಂತಿದ್ದಾನೆ. ಆತನ ಹೆಸರನ್ನು ಹೊತ್ತಿರುವ ನಮ್ಮ ಕೈಗಳನ್ನು ಆತನೇ ಸತ್ಯದಲ್ಲಿ ಕಾಪಾಡಲಿ. ಆಮೆನ್.